ಸಮುದ್ರದಲ್ಲಿ ಬಟ್ಟೆ ಅದ್ದಿ ಯುರೇನಿಯಂ ತೆಗೀತಾರಂತೆ, ಹೌದಾ ಮೇಡಂ?

ಪ್ರಶ್ನೆ (ಶಹಾಪುರದಿಂದ):
ನಮಸ್ಕಾರ ಮೇಡಂ. ನಮ್ಮದು ಗೋಗಿ ಹತ್ತಿರದ ಹಳ್ಳಿ. ಇಲ್ಲಿ ನೆಲದಡಿ ಯುರೇನಿಯಂ ಇದೆ ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದೇವೆ. ಈಗ ಗೆಳೆಯರೊಬ್ಬರು ಒಂದು ವಿಡಿಯೊ ಕಳಿಸಿದ್ದಾರೆ. ಸಮುದ್ರದಲ್ಲಿ ಒಂದು ಥರದ ಬಟ್ಟೆ ಇಳಿಬಿಟ್ಟರೆ ಸಾಕು, ಯುರೇನಿಯಂ ಅಂಟುತ್ತಂತೆ. ಹಾಗಿದ್ದರೆ ಗಣಿ ಯಾಕ್ರೀ ಬೇಕು? ಅದೇ ಬಟ್ಟೆ ನಮ್ಮ ಬೋರ್‌ವೆಲ್ ನೀರಿಗೆ ಹಾಕಬಹುದಾ?

ಉತ್ತರ (ಪಾಲಿಮರ್ ಕೆಮಿಸ್ಟ್, ಕಲಬುರಗಿ):
ಬಟ್ಟೆಗೆ ಅಂಟುವುದು ನಿಜ. "ಸಾಕು" ಅನ್ನೋದು ಸುಳ್ಳು.

ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಯುರೇನಿಯಂ ಇರುವುದು 3.3 ಮೈಕ್ರೊಗ್ರಾಂ. ಲಾರಿ ತುಂಬ 10 ಟನ್ ಉಪ್ಪಿನ ಜೊತೆ ಒಂದೇ ಒಂದು ಗ್ರಾಂ ಅಂದುಕೊಳ್ಳಿ. ಒಂದು ಕಿಲೋ ಬೇಕಂದರೆ 30 ಕೋಟಿ ಲೀಟರ್ ನೀರು, ಅದೂ ಒಂದು ಚೂರೂ ಬಿಡದೆ ಹಿಡಿದರೆ. ಬೇಸಿಗೆಯಲ್ಲಿ ಊರಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 25,000 ಟ್ಯಾಂಕರ್! ನಿಮ್ಮ ಗೋಗಿಯ ಅದಿರಲ್ಲಾದರೆ ಒಂದು ಟನ್ ಕಲ್ಲಿಗೇ ಕಿಲೋಗಿಂತ ಜಾಸ್ತಿ ಸಿಗುತ್ತದೆ. ಗಣಿಯ ಮೇಲೆ ಕಣ್ಣು ಅದಕ್ಕೇ.

ಆದರೂ ಕಡಲಿನ ಆಸೆ ಬಿಡುವುದಿಲ್ಲ. ಎಲ್ಲ ಸಾಗರ ಸೇರಿಸಿದರೆ ಸುಮಾರು 450 ಕೋಟಿ ಟನ್ ಯುರೇನಿಯಂ ಕರಗಿಕೊಂಡಿದೆ. ಅಷ್ಟು ನೀರನ್ನು ಪಂಪ್ ಮಾಡುತ್ತ ಕೂತರೆ ಕರೆಂಟ್ ಬಿಲ್ಲಿಗೇ ಮುಳುಗುತ್ತೇವೆ. ಅದಕ್ಕೇ ಬಟ್ಟೆ. ನೀರು ತಾನೇ ಹರಿದು ಬರಲಿ ಅಂತ.

ಬೀದರ್‌ನಿಂದ ಒಬ್ಬರು:
ಮೇಡಂ, ನಮ್ಮದು ಉಲ್ಲನ್ ದಾರದ ಅಂಗಡಿ. ಆ ಬಟ್ಟೆ ಎಂಥದ್ದು? ಹತ್ತಿಯದಾ?

ಉತ್ತರ:
ನಗಬೇಡಿ, ಅದರ ಮೂಲ ನಿಮ್ಮ ಅಂಗಡಿಯಲ್ಲೇ ಇದೆ! ಉಲ್ಲನ್ ಅಂತ ಮಾರುವ ದಾರದಲ್ಲಿ ಬಹಳಷ್ಟು ಅಕ್ರಿಲಿಕ್ ಅಲ್ವಾ? ಅಕ್ರಿಲಿಕ್ ಅಂದರೆ ಪಾಲಿಅಕ್ರಿಲೋನೈಟ್ರೈಲ್. ಅದನ್ನು ಹೈಡ್ರಾಕ್ಸಿಲಮೀನ್ ದ್ರಾವಣದಲ್ಲಿ ಬಿಸಿ ಮಾಡಿದರೆ ದಾರದ ಮೇಲೆ ಅಮಿಡಾಕ್ಸಿಮ್ ಅನ್ನುವ ಗುಂಪುಗಳು ಹುಟ್ಟುತ್ತವೆ. ಯುರೇನಿಯಂ ಹಿಡಿಯುವುದು ಇವೇ.

ನಾನೂ ಲ್ಯಾಬಲ್ಲಿ ಮಾಡಿದ್ದೇನೆ. ಬಿಳಿ ದಾರ ತಿಳಿ ಹಳದಿಗೆ ತಿರುಗಿತು. ತೊಳೆದು ಮೈಲುತುತ್ತದ ನೀರಲ್ಲಿ ಅದ್ದಿದರೆ ಹಸಿರಾಯಿತು, ಎಷ್ಟು ತೊಳೆದರೂ ಬಣ್ಣ ಹೋಗಲಿಲ್ಲ. ತಾಮ್ರವನ್ನೂ ಹಿಡಿಯುತ್ತದೆ ಅಂತಾಯ್ತು. ಮೊದಲ ಸಲ ಅತಿಯಾಸೆಯಿಂದ ಜಾಸ್ತಿ ಹೊತ್ತು ಬಿಸಿ ಮಾಡಿ ಕೆಟ್ಟಿದ್ದೆ. ದಾರ ಉಬ್ಬಿ ಲೋಳೆಸರದ ತಿರುಳಿನ ಥರ ಆಗಿ, ಚಿಮಟದಲ್ಲಿ ಎತ್ತಿದರೆ ತುಂಡಾಗುತ್ತಿತ್ತು. ಅದಕ್ಕೇ ಕಡಲಿಗೆ ಇಳಿಸುವ ಬಟ್ಟೆಗೆ ಒಳಗೆ ಗಟ್ಟಿ ಪಾಲಿಥೀನ್ ಎಳೆ ಇಟ್ಟು, ಎಲೆಕ್ಟ್ರಾನ್ ಕಿರಣ ಹಾಯಿಸಿ, ಅದರ ಮೈಮೇಲೆ ಈ ಸರಪಳಿಗಳನ್ನು ಬೆಳೆಸುತ್ತಾರೆ. ಕಸಿ ಕಟ್ಟಿದ ಹಾಗೆ.

ಮನೆಯಲ್ಲಿ ಮಾತ್ರ ಪ್ರಯತ್ನ ಬೇಡ. ಹೈಡ್ರಾಕ್ಸಿಲಮೀನ್ ವಿಷ, ಬಿಸಿಯಾದರೆ ಸಿಡಿಯಲೂಬಹುದು.

ಕಲಬುರಗಿಯ ಎಂಎಸ್ಸಿ ವಿದ್ಯಾರ್ಥಿ:
ಇಷ್ಟೆಲ್ಲ ಗೊತ್ತಿದ್ದ ಮೇಲೆ ಎಲ್ಲಿ ನಿಂತಿದೆ ಮೇಡಂ?

ಉತ್ತರ:
ಹಿಡಿಯುವುದರಲ್ಲಿ ಅಲ್ಲಪ್ಪ, ಬಿಡಿಸುವುದರಲ್ಲಿ.

ಸಮುದ್ರದಲ್ಲಿ ಯುರೇನಿಯಂ ಒಂಟಿಯಾಗಿ ಓಡಾಡುವುದಿಲ್ಲ. ಮೂರು ಕಾರ್ಬೊನೇಟ್‌ಗಳು ಅದರ ನಡು ಸುತ್ತ ಬಿಗಿಯಾಗಿ ಕೂತಿರುತ್ತವೆ, ಜೊತೆಗೆ ಕ್ಯಾಲ್ಸಿಯಂ ಬೇರೆ. ಅಮಿಡಾಕ್ಸಿಮ್ ಇವನ್ನೆಲ್ಲ ಎಬ್ಬಿಸಿ ಆ ಜಾಗ ಹಿಡಿಯಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಸಮುದ್ರದ ನೀರಲ್ಲೇ ಇರುವ ವೆನಾಡಿಯಂ ಅನ್ನುವ ಇನ್ನೊಂದು ಲೋಹ ಬಂದು ಇನ್ನೂ ಗಟ್ಟಿಯಾಗಿ ಕೂತುಬಿಡುತ್ತದೆ. ಮೇಲೆ ಪಾಚಿ. ಬಾವಿ ಮೆಟ್ಟಿಲು ನೋಡಿದ್ದೀಯಲ್ಲ, ಹಾಗೆ.

ಯುರೇನಿಯಂ ಇಳಿಸಲು ಅಡುಗೆ ಸೋಡಾದ ಅಣ್ಣತಮ್ಮನಂಥ ಬೈಕಾರ್ಬೊನೇಟ್ ಸಾಕಾಗುತ್ತದೆ. ವೆನಾಡಿಯಂ ಅದಕ್ಕೆ ಜಗ್ಗುವುದಿಲ್ಲ. ಖಡಕ್ ಆಸಿಡ್ ಹಾಕಿದರೆ ಬಟ್ಟೆಯೇ ಕೆಡುತ್ತದೆ. ಒಂದು ಬಟ್ಟೆ ಎರಡು ಸಲ ಬಂತಾ, ಇಪ್ಪತ್ತು ಸಲ ಬಂತಾ ಅನ್ನುವುದರ ಮೇಲೆ ರೇಟು ನಿಂತಿದೆ. ಇವತ್ತಿಗೂ ಗಣಿಯದ್ದಕ್ಕಿಂತ ದುಬಾರಿಯೇ.

ಜಪಾನಿನವರು 1999ರಿಂದ 2001ರವರೆಗೆ ಅಓಮೊರಿ ಕಡಲಲ್ಲಿ 350 ಕಿಲೋ ಬಟ್ಟೆ ಇಳಿಸಿ, ಒಟ್ಟು 240 ದಿನ ನೆನೆಸಿ, ಸುಮಾರು ಒಂದು ಕಿಲೋ ಯೆಲ್ಲೋಕೇಕ್ (ಯುರೇನಿಯಂ ಸಂಯುಕ್ತದ ಪುಡಿ) ತೆಗೆದರು. ಆಗುತ್ತದೆ ಅಂತ ತೋರಿಸಿಕೊಟ್ಟರು, ದೊಡ್ಡ ವಿಷಯವೇ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರೂ ಅಮಿಡಾಕ್ಸಿಮ್ ಹಾಳೆಗಳನ್ನು ಮಾಡಿ ಕಡಲ ನೀರಲ್ಲಿ ನೋಡಿದ್ದಾರೆ.

ಶಹಾಪುರದವರು:
ಮೇಡಂ, ನನ್ನ ಬೋರ್‌ವೆಲ್ ಮರೆತೇ ಬಿಟ್ಟಿರಿ.

ಉತ್ತರ:
ಮರೆತಿಲ್ಲ ಅಣ್ಣಾರ, ಅದೇ ಮುಖ್ಯ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಸಮುದ್ರದ್ದು ಅದರ ಒಂಬತ್ತನೇ ಒಂದು ಭಾಗ! ಕೊರೆದ ಬಾವಿಯಲ್ಲಿ, ಅದೂ ಯುರೇನಿಯಂ ಇರುವ ಕಲ್ಲಿನ ಪಕ್ಕ, ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಕುಡಿಯುವ ನೀರಲ್ಲಿ ಮೊದಲು ಹೆದರಬೇಕಾದ್ದು ವಿಕಿರಣಕ್ಕಲ್ಲ, ಕಿಡ್ನಿಗೆ ಆಗುವ ತೊಂದರೆಗೆ.

ಬಟ್ಟೆ ಬೇಡ. ಅದು ನಿಧಾನ, ಯಾವಾಗ ತುಂಬಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ದಟ್ಟವಾಗುತ್ತದೆ. ಸರಿಯಾಗಿ ನಡೆಯುವ ಆರ್‌ಒ ಬಹುಪಾಲು ತೆಗೆಯುತ್ತದೆ. ಆದರೆ ಮೊದಲು ಪರೀಕ್ಷೆ ಮಾಡಿಸಿ. ಹೊಸ ಪ್ಲಾಸ್ಟಿಕ್ ಬಾಟಲಿ ತಗೊಂಡು ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಮೋಟರ್ ಐದು ಹತ್ತು ನಿಮಿಷ ಓಡಿದ ಮೇಲೆ ತುಂಬಿಸಿ. ಲ್ಯಾಬಿನವರಿಗೆ "ಯುರೇನಿಯಂ" ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ನೀರು ಟೆಸ್ಟ್ ಅಂದರೆ ಗಡಸು, ಫ್ಲೋರೈಡ್, ನೈಟ್ರೇಟ್ ನೋಡಿ ಕಳಿಸುತ್ತಾರೆ. ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಿ, ಕೂತು ನೋಡೋಣ.