ದೊಡ್ಡ ಸಂಸ್ಥೆಯ ಮೂಲಕ ಅನುದಾನ ಬರುತ್ತಿದೆ, ಸಹಿ ಹಾಕುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಐದು ಜನ ಕೆಲಸ ಮಾಡುವ ಪುಟ್ಟ ಸಂಸ್ಥೆ. ಸಣ್ಣ ಉದ್ಯೋಗ ಶುರು ಮಾಡುವವರಿಗೆ ತರಬೇತಿ ಕೊಡುತ್ತೇವೆ, ಸಾಲಕ್ಕೆ ಬೇಕಾದ ಕಾಗದಪತ್ರ ಮಾಡಿಸಿಕೊಡುತ್ತೇವೆ. ಈಗ ಒಂದು ದೊಡ್ಡ ಸಂಸ್ಥೆ ಮೂರು ವರ್ಷದ ಅನುದಾನದಲ್ಲಿ ನಮ್ಮನ್ನೂ ಪಾಲುದಾರರಾಗಿ ಸೇರಿಸಿಕೊಂಡಿದೆ. ಹಣ ಅವರಿಗೆ ಬರುತ್ತದೆ, ನಮ್ಮ ಪಾಲನ್ನು ಅವರು ಕೊಡುತ್ತಾರೆ. ಕರಡು ಒಪ್ಪಂದದ ಪ್ರಕಾರ ನಾವು ಮೊದಲು ಖರ್ಚು ಮಾಡಿ ತಿಂಗಳ ಕೊನೆಗೆ ಬಿಲ್ ಕೊಡಬೇಕು, 90 ದಿನದೊಳಗೆ ಹಣ ವಾಪಸ್ ಬರುತ್ತದೆ. ದಾನಿಗಳ ಜೊತೆ ನಾವು ನೇರವಾಗಿ ಮಾತಾಡುವ ಹಾಗಿಲ್ಲ. ತುಂಬಾ ಒಳ್ಳೆಯ ಜನ, ಅನುಮಾನ ಪಡೋಕೆ ಮನಸ್ಸಿಲ್ಲ. ಸಹಿ ಹಾಕಿಬಿಡಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಇಂಥ ಸಂಸ್ಥೆಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಇವತ್ತು ನಿಮ್ಮ ಜೊತೆ ಮಾತಾಡುತ್ತಿರುವವರು ಒಳ್ಳೆಯವರೇ ಇರಬಹುದು. ಮೂರು ವರ್ಷದಲ್ಲಿ ಆ ಕುರ್ಚಿಗೆ ಬೇರೆಯವರು ಬರುತ್ತಾರೆ. ಅವರಿಗೆ ಗೊತ್ತಿರುವುದು ಕಾಗದದಲ್ಲಿ ಇರುವುದು ಮಾತ್ರ.

ಮೊದಲು 90 ದಿನದ ವಿಷಯ. ತಿಂಗಳ 1ನೇ ತಾರೀಕು ಖರ್ಚಾದ ದುಡ್ಡಿಗೆ ಬಿಲ್ ಹೋಗುವುದು ತಿಂಗಳ ಕೊನೆಗೆ. ಅದು ಕೈಗೆ ಬರುವಷ್ಟರಲ್ಲಿ ಸುಮಾರು 120 ದಿನ ಆಗಿರುತ್ತದೆ. ಅಂದರೆ ನಾಲ್ಕು ತಿಂಗಳ ಸಂಬಳ, ಬಾಡಿಗೆ, ಓಡಾಟದ ಖರ್ಚನ್ನು ನೀವೇ ಹೊಂದಿಸಬೇಕು. ಇದು ಬಡ್ಡಿಯಿಲ್ಲದ ಸಾಲ. ಕೊಡುತ್ತಿರುವವರು ಐದು ಜನರ ಸಂಸ್ಥೆ, ಪಡೆಯುತ್ತಿರುವವರು ನಿಮಗಿಂತ ಎಷ್ಟೋ ಪಟ್ಟು ದೊಡ್ಡವರು. ಕೆಲಸ ಚೆನ್ನಾಗಿ ನಡೆಯುತ್ತಿದ್ದಾಗಲೇ ಸಂಬಳ ಕೊಡಲಾಗದೆ ಬಾಗಿಲು ಹಾಕಿದ ಸಂಸ್ಥೆಗಳನ್ನು ನೋಡಿದ್ದೇನೆ. ಬಹಳ ನೋವಾಗುತ್ತದೆ. ಮೂರು ತಿಂಗಳ ಮುಂಗಡ ಕೇಳಿ. ಬಿಲ್ ಕೊಟ್ಟ ಹಾಗೆ ಆ ಮುಂಗಡ ಮತ್ತೆ ತುಂಬುತ್ತಿರಲಿ. "ದಾನಿಗಳು ನಮಗೂ ತಡವಾಗಿಯೇ ಕೊಡುತ್ತಾರೆ" ಅಂತ ಅವರು ಹೇಳಬಹುದು. ನಿಜವೂ ಇರಬಹುದು. ಆದರೆ ಕಾಯುವ ಭಾರವನ್ನು ಹೊರಬೇಕಾದವರು ಆಪದ್ಧನ ಇರುವವರು, ಅಲ್ವಾ?

ಇನ್ನೊಂದು, ಆಡಳಿತ ವೆಚ್ಚ. ಕಚೇರಿ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ಆಡಿಟ್, ಇವೆಲ್ಲ ಯಾವ ಯೋಜನೆಯ ಹೆಸರಿಗೂ ಬೀಳುವುದಿಲ್ಲ. ಅನುದಾನದ ಈ ಭಾಗವನ್ನು ಮುಖ್ಯ ಸಂಸ್ಥೆ ಪೂರ್ತಿ ತಾನೇ ಇಟ್ಟುಕೊಳ್ಳುವುದು ಜಾಸ್ತಿ. ಅಮೆರಿಕದ ಕೇಂದ್ರ ಸರ್ಕಾರದ ಅನುದಾನಗಳಲ್ಲಿ ಇದಕ್ಕೆ ನಿಯಮವೇ ಇದೆ. ಸರ್ಕಾರದ ಜೊತೆ ಬೇರೆ ದರ ಗೊತ್ತು ಮಾಡಿಕೊಳ್ಳದ ಸಣ್ಣ ಪಾಲುದಾರರೂ ನೇರ ವೆಚ್ಚದ ಮೇಲೆ ಒಂದು ಮಿತಿಯವರೆಗೆ ಇದನ್ನು ಹಾಕಿಕೊಳ್ಳಬಹುದು. ಆ ಮಿತಿ 10% ಇತ್ತು, 2024ರ ಅಕ್ಟೋಬರ್‌ನಿಂದ 15% ಆಗಿದೆ. ನಿಮ್ಮ ದಾನಿ ಯಾರೇ ಇರಲಿ, ಇದನ್ನು ಉದಾಹರಣೆಯಾಗಿ ಮುಂದಿಡಬಹುದು.

ಪ್ರಶ್ನೆ: ಇಷ್ಟೆಲ್ಲ ಕೇಳಿದರೆ ನಮ್ಮನ್ನು ಬಿಟ್ಟು ಬೇರೆಯವರನ್ನು ಹುಡುಕಿಕೊಂಡರೆ?

ಉತ್ತರ: ಅನುದಾನದ ಅರ್ಜಿಯಲ್ಲಿ ನಿಮ್ಮ ಹೆಸರು ಯಾಕೆ ಬಂತು ಅಂತ ಯೋಚಿಸಿ. ಜನ ನಿಮ್ಮನ್ನು ನಂಬುತ್ತಾರೆ. ಆ ನಂಬಿಕೆ ದೊಡ್ಡ ಸಂಸ್ಥೆಯ ಹತ್ತಿರ ಇಲ್ಲ.

ಒಂದು ಹಳೆಯ ಉದಾಹರಣೆ ಹೇಳುತ್ತೇನೆ. 1966-67ರಲ್ಲಿ ನ್ಯೂಯಾರ್ಕಿನ ಬೆಡ್‌ಫರ್ಡ್-ಸ್ಟೈವೆಸೆಂಟ್ ಬಡಾವಣೆಯ ಅಭಿವೃದ್ಧಿಗೆ ಸೆನೆಟರ್ ರಾಬರ್ಟ್ ಕೆನಡಿ ಮುಂದೆ ನಿಂತರು. ಆಗ ಹುಟ್ಟಿದ್ದು ಎರಡು ಸಂಸ್ಥೆಗಳು. ಒಂದರಲ್ಲಿ ಬಡಾವಣೆಯ ಜನ, ಇನ್ನೊಂದರಲ್ಲಿ ಬಂಡವಾಳ ತರಬಲ್ಲ ದೊಡ್ಡ ಉದ್ಯಮಿಗಳು. ಮುಂದೆ ಎರಡೂ ಸೇರಿ ಒಂದಾದವು. ಉಳಿದದ್ದು ಬಡಾವಣೆಯ ಸಂಸ್ಥೆ. ಅದನ್ನು ಹತ್ತು ವರ್ಷ ನಡೆಸಿದ ಫ್ರಾಂಕ್ಲಿನ್ ಥಾಮಸ್ 1979ರಲ್ಲಿ ಅಮೆರಿಕದ ದೊಡ್ಡ ದಾನಿ ಸಂಸ್ಥೆಯಾದ ಫೋರ್ಡ್ ಫೌಂಡೇಶನ್ನಿನ ಅಧ್ಯಕ್ಷರಾದರು. ಹಣ ಕೇಳುವ ಕಡೆ ಇದ್ದವರು ಕೊಡುವ ಕಡೆ ಕೂತರು. ಆ ಹೊತ್ತಿಗೇ ಫೋರ್ಡ್ ನೆರವಿನಿಂದ ಲಿಸ್ಕ್ ಎಂಬ ಸಂಸ್ಥೆ ಶುರುವಾಯಿತು. ಬಡಾವಣೆಗಳ ಸಣ್ಣ ಸಂಸ್ಥೆಗಳಿಗೆ ಸಾಲ, ಅನುದಾನ, ತಿಳಿವಳಿಕೆ ತಲುಪಿಸುವುದೇ ಅದರ ಕೆಲಸ. ಇಂದಿಗೂ ನಡೆಯುತ್ತಿದೆ.

ಜನರ ನಡುವೆ ಇರುವ ಸಣ್ಣ ಸಂಸ್ಥೆಗಳು ದಾನಿಗಳಿಗೂ ಬೇಕು. ಹಾಗಾಗಿ ದಾನಿಗಳ ಜೊತೆ ಮಾತಾಡಬಾರದು ಎನ್ನುವ ಸಾಲನ್ನು ತೆಗೆಸಿ. ಆರು ತಿಂಗಳಿಗೊಮ್ಮೆ ದಾನಿಗಳು, ದೊಡ್ಡ ಸಂಸ್ಥೆ, ನೀವು ಮೂವರೂ ಒಟ್ಟಿಗೆ ಕೂರುವ ಸಭೆ ಇರಲಿ, ದಾನಿಗಳಿಗೆ ಹೋಗುವ ವರದಿಯ ಪ್ರತಿ ನಿಮಗೂ ಬರಲಿ. ಇಲ್ಲದಿದ್ದರೆ ಮೂರು ವರ್ಷ ದುಡಿದರೂ ನಿಮ್ಮ ಕೆಲಸ ಯಾರದು ಅಂತ ದಾನಿಗಳಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಬ್ಬ ಸದಸ್ಯರು: ಮೇಡಂ, ದಾನಿಗಳನ್ನೇ ನಂಬಿ ಕೂರದೆ ಸಂಸ್ಥೆಗಳೇ ಒಂದಕ್ಕೊಂದು ಹಣ ಕೊಡುವ ದಾರಿ ಇಲ್ಲವೇ?

ಉತ್ತರ: ಇದೆ. ಇಟಲಿಯಲ್ಲಿ 1992ರ ಕಾನೂನಿನ ಪ್ರಕಾರ ಸಹಕಾರ ಸಂಘಗಳು ಲಾಭದ 3% ಅನ್ನು ಒಂದು ನಿಧಿಗೆ ಕೊಡಬೇಕು. ಆ ನಿಧಿಯಿಂದ ಹೊಸ ಸಂಘಗಳಿಗೆ ಬಂಡವಾಳ ಸಿಗುತ್ತದೆ. ಆದರೆ ಇದು ವ್ಯಾಪಾರದಿಂದ ಲಾಭ ಬರುವ ಕಡೆ ಆಗುವ ಮಾತು. ತರಬೇತಿ ಕೊಡುವ ಸಂಸ್ಥೆಗೆ ಅನುದಾನ ಬೇಕೇ ಬೇಕು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಒಪ್ಪಂದ ನಡುವೆ ಮುರಿದರೆ ತರಬೇತಿ ಪಡೆದವರ ಪಟ್ಟಿ, ಅವರ ವಿವರ ಯಾರ ಬಳಿ ಉಳಿಯುತ್ತದೆ? ಅಲ್ಲಿಯವರೆಗಿನ ಬಿಲ್ ಯಾರು ತೀರಿಸುತ್ತಾರೆ? ಕರಡಿನಲ್ಲಿ ಆ ಭಾಗ ಇದ್ದರೆ ಹೆಸರುಗಳನ್ನು ಅಳಿಸಿ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.