ಅಪ್‌ಡೇಟ್: ವಿಜ್ಞಾನ ಶಿಕ್ಷಣಕ್ಕೆ ಪ್ರೊಫೆಸರ್ ಸಿಕ್ಕರು!

ಎರಡು ಸಲ ಜಾಹೀರಾತು ಕೊಟ್ಟರೂ ನಮ್ಮ ವಿ.ವಿ.ಯ ವಿಜ್ಞಾನ ಶಿಕ್ಷಣ ಹುದ್ದೆಗೆ ಸರಿಯಾದವರು ಬರುತ್ತಿಲ್ಲ ಅಂತ ಗೋಳಾಡಿದ್ದೆ, ನೆನಪಿದೆಯಾ? ಆಯ್ತು, ಮುಗಿಯಿತು.

ಆಗ ನೀವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು 'ಜಾಹೀರಾತಿನ ಪದನಾಮ ನೋಡಿ' ಅಂದವರದು. ನಾವು ಸುಮ್ನೆ ಗತ್ತಿಗೆ 'ಸೀನಿಯರ್ ಪ್ರೊಫೆಸರ್' ಅಂತ ಹಾಕಿದ್ದೆವು. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಅದು ಬೇರೆಯೇ ಹುದ್ದೆ. ಅದಕ್ಕೆ ಪ್ರೊಫೆಸರ್ ಆಗಿಯೇ 10 ವರ್ಷ ಆಗಿರಬೇಕು. ಈ ವಿಷಯದಲ್ಲಿ ಅಂಥವರು ಎಷ್ಟು ಜನ ಇದ್ದಾರು ಹೇಳಿ! ಬರೀ 'ಪ್ರೊಫೆಸರ್' ಅಂದರೆ ಮುಖ್ಯವಾಗಿ ಕೇಳೋದು ಪಿಎಚ್‌.ಡಿ., 10 ವರ್ಷದ ಅನುಭವ, 10 ಪ್ರಬಂಧ, 120 ಸಂಶೋಧನಾ ಅಂಕ. ಹಾಗೇ ಬದಲಿಸಿದೆವು. ಜೊತೆಗೆ ಅರ್ಹತೆಯಲ್ಲಿ 'ಭೌತಶಾಸ್ತ್ರ ಅಥವಾ ಶಿಕ್ಷಣ' ಎಂದಿದ್ದ ಕಡೆ 'ವಿಜ್ಞಾನ ಶಿಕ್ಷಣದಲ್ಲಿ ಸಂಶೋಧನೆ' ಅಂತ ನೇರವಾಗಿ ಬರೆದೆವು. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪರಿಚಯದವರಿಗೆಲ್ಲ ಜಾಹೀರಾತು ಕಳಿಸಿದೆವು.

ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದು ದಂಡ. ಸಂಬಳ ಏರಿಸಿ ಅಂದಿದ್ದಿರಿ, ಅದೂ ಬೇಕಾಗಲಿಲ್ಲ. ಆಯ್ಕೆಯಾದ ಮೇಡಂ ಸಂಬಳದ ಮಾತೇ ಎತ್ತಲಿಲ್ಲ, 'ಹತ್ತಿರದ ಸರ್ಕಾರಿ ಶಾಲೆಗಳಿಗೆ ಹೋಗಲು ಬಿಡ್ತೀರಾ?' ಅಂತ ಕೇಳಿದರು.

ಸಂದರ್ಶನದಲ್ಲಿ ಮೇಡಂ ಚೀಲದಿಂದ ಒಂದು ಟಾರ್ಚ್ ಬಲ್ಬು, ಒಂದು ಸೆಲ್, ಒಂದೇ ಒಂದು ತಂತಿ ತೆಗೆದು ಮೇಜಿನ ಮೇಲಿಟ್ಟು 'ಉರಿಸಿ' ಅಂದರು. ಸಮಿತಿಯಲ್ಲಿ ಇಬ್ಬರಿಗೆ ಆಗಲಿಲ್ಲ. ಒಬ್ಬರು ಭೌತಶಾಸ್ತ್ರದವರೇ! ಇನ್ನೊಂದು ತಂತಿ ಬೇಕು ಅಂತ ವಾದ ಬೇರೆ. ಬಲ್ಬಿನ ಬುಡವನ್ನು ಸೆಲ್ಲಿನ ತುದಿಗೇ ಒತ್ತಿ ಹಿಡಿದರೆ ಒಂದೇ ತಂತಿ ಸಾಕು, ಅಲ್ವಾ?

ಮುಂದಿನ ತಿಂಗಳು ಸೇರುತ್ತಾರೆ.