ಮರು: ಸ್ಕ್ಲೆರಾಗೆ ‘ಬಿಳಿಪೊರೆ’ ಸರಿಯೇ? (ಕೈಪತ್ರ ನಾಳೆ ಅಚ್ಚಿಗೆ)

ರೋಗಿಗಳಿಗೆ ಕೊಡುವ ಕೈಪತ್ರದಲ್ಲಿ ಸ್ಕ್ಲೆರಾಗೆ, ಅಂದರೆ ಕಣ್ಣಿನ ಬಿಳಿಭಾಗಕ್ಕೆ, ‘ಬಿಳಿಪೊರೆ’ ಅಂತ ಹಾಕಬಹುದೇ ಅಂತ ಕೇಳಿದ್ದೀರಿ. ನಾಳೆಯೇ ಅಚ್ಚಿಗೆ ಅಂದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ‘ಬಿಳಿಪೊರೆ’ ತೆಗೆದುಹಾಕಿ.

ಪೊರೆ ಅಂದರೆ ಪದರ, ಹಾವು ಬಿಡುವುದೂ ಪೊರೆಯೇ ಅಂತ ಈ ಪದದ ಪರವಾಗಿ ಮೇಷ್ಟ್ರು ಬರೆದಿದ್ದಾರೆ. ಮೂಲ ಸರಿ, ಬಳಕೆ ತಪ್ಪು. ಕಣ್ಣಿನ ಮಾತು ಬಂದಾಗ ಪೊರೆಗೆ ಇರುವುದು ಒಂದೇ ಅರ್ಥ: ಆಪರೇಷನ್ ಮಾಡಿಸಿ ಲೆನ್ಸ್ ಹಾಕಿಸುವ ಪೊರೆ. ಅಮ್ಮನಿಗೆ ಸ್ಕ್ಲೆರೈಟಿಸ್ (ಆ ಬಿಳಿಭಾಗದ ಉರಿಯೂತ) ಆದಾಗ ಚೀಟಿಯಲ್ಲಿ ‘ಬಿಳಿಪೊರೆಯ ಊತ’ ಅಂತ ಬರೆದುಕೊಟ್ಟಿದ್ದರು. ಚಿಕ್ಕಮ್ಮ ಓದಿ, “ಪೊರೆ ತಾನೇ, ಬಲಿಯಲಿ ಬಿಡು, ಆಮೇಲೆ ತೆಗೆಸೋಣ” ಅಂದರು. ಎರಡು ವಾರ ಹಾಗೇ ಹೋಯಿತು. ಅಮ್ಮ ನಡುರಾತ್ರಿ ಎದ್ದು, ಸೆರಗನ್ನು ಉಂಡೆ ಮಾಡಿ, ಬಾಯಿಂದ ಬಿಸಿ ಊದಿ, ಕಣ್ಣಿಗೆ ಒತ್ತಿಕೊಂಡು ಕೂರುತ್ತಿದ್ದರು. ಈ ನೋವೇ ಹಾಗೆ, ನಿದ್ದೆಯಿಂದ ಎಬ್ಬಿಸುತ್ತದೆ, ಹುಬ್ಬು, ದವಡೆವರೆಗೂ ಹಬ್ಬುತ್ತದೆ.

‘ಕಣ್ಣಿನ ಬಿಳಿಭಾಗದ ಉರಿಯೂತ’ ಅಂತ ಹಾಕಿ, ಪಕ್ಕದಲ್ಲಿ ಸ್ಕ್ಲೆರೈಟಿಸ್ ಅಂತಲೂ ಇರಲಿ. ಔಷಧಿ ಅಂಗಡಿಯಲ್ಲಿ, ಇನ್ನೊಬ್ಬ ಡಾಕ್ಟರ ಹತ್ತಿರ ಬೇಕಾಗುವುದು ಆ ಹೆಸರೇ. ಸ್ಕ್ಲೆರಾಗೆ ಇರುವ ‘ಶ್ವೇತಪಟಲ’ ಅನ್ನುವ ಪದ ಪಠ್ಯಪುಸ್ತಕದಲ್ಲಿ ಇದ್ದುಕೊಳ್ಳಲಿ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಗೆ ಹೊಸ ಪದ ಬೇಡ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಾಗ ಊರೂರಲ್ಲಿ ಜನ ಆಡಿದ ಮಾತು ಅದು. ಎರವಲು ತಂದರೆ ಕನ್ನಡ ಸೊರಗುತ್ತದೆ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ಪದ ಬೇಡ ಅಂತಲೂ ಅಲ್ಲ. ಉರಿ, ಊತ ಸೇರಿಸಿ ಕಟ್ಟಿದ ‘ಉರಿಯೂತ’ ನೋಡಿ, ರೋಗಿಗೆ ಆಗುವುದನ್ನೇ ಹೇಳುತ್ತದೆ, ಬೇರೆ ರೋಗದ ಹೆಸರಿಗೆ ಡಿಕ್ಕಿ ಹೊಡೆಯುವುದಿಲ್ಲ.

ನೀವು ಕೇಳದ ಎರಡು ಮಾತು. ಕೈಪತ್ರದಲ್ಲಿ ಔಷಧಿಗೆ ‘ರೋಗನಿರೋಧಕಶಕ್ತಿ ನಾಶಕ’ ಅಂತ ಓದಿದರೆ ಯಾರು ಮಾತ್ರೆ ನುಂಗುತ್ತಾರೆ? ಈ ರೋಗದಲ್ಲಿ ಎಷ್ಟೋ ಸಲ ಮೈಯ ರಕ್ಷಣಾಶಕ್ತಿಯೇ ಕಣ್ಣಿನ ಮೇಲೆ ತಿರುಗಿಬಿದ್ದಿರುತ್ತದೆ, ಕೀಲುವಾತ ಇರುವವರಲ್ಲಿ ಜಾಸ್ತಿ. ಸ್ಟೀರಾಯ್ಡ್ ಸಾಲದಾದಾಗ ಆ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡುತ್ತಾರೆ. ‘ತಗ್ಗಿಸುವ’ ಅಂತಲೇ ಬರೆಯಿರಿ.

ಇನ್ನೊಂದು, ಅಂಥದೇ ಔಷಧಿಯಾದ ಮೆಥೊಟ್ರೆಕ್ಸೇಟ್ ಮುಂದೆ ಹಾಕಿರುವ ‘ಸಾಪ್ತಾಹಿಕ’. ಅದನ್ನು ಒಂದು ವಾರ ದಿನಾ ತಗೊಳ್ಳಿ ಅಂತ ಓದಿಕೊಂಡರೆ ಜೀವಕ್ಕೇ ಕುತ್ತು. ‘ವಾರಕ್ಕೆ ಒಂದೇ ದಿನ’ ಅಂತ ದಪ್ಪಕ್ಷರದಲ್ಲಿ ಹಾಕಿ, ಮುಂದೆ ಆ ದಿನದ ಹೆಸರು ಬರೆಯಲು ಖಾಲಿ ಜಾಗ ಬಿಡಿ.